ಹತ್ತಿ ಹೊಲದ ಕಿಂಗ್, ಲುಸಿಲ್ ಎಂಬ ಗಿಟಾರು

1940ರ ಮಾತು. ಅಮೆರಿಕದ ದಕ್ಷಿಣಕ್ಕಿರುವ ಮಿಸಿಸಿಪ್ಪಿ ರಾಜ್ಯದಲ್ಲಿ, ಕಿಲ್‌ಮೈಕೆಲ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಒಂಟಿಯಾಗಿ ಬದುಕುತ್ತಿದ್ದ. ತಾಯಿ ಎಂದೋ ತೀರಿಕೊಂಡಿದ್ದಳು. ಸಾಕಿದ ಅಜ್ಜಿಯೂ ಆ ವರ್ಷ ಕಣ್ಣು ಮುಚ್ಚಿದಳು. ತಂದೆ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿದ್ದ. ಹುಡುಗ ಒಂದು ಎಕರೆಯಲ್ಲಿ ಹತ್ತಿ ಹಾಕಿದ. ಹೊಟ್ಟೆಪಾಡಿಗೆಂದು ಜಮೀನಿನ ಒಡೆಯನಿಂದ ತಿಂಗಳಿಗೆ ಎರಡೂವರೆ ಡಾಲರ್ ಸಾಲ ತೆಗೆದ. ಹತ್ತಿ ಬಿಡಿಸಿ, ತೂಗಿ, ವರ್ಷದ ಲೆಕ್ಕ ಕೂಡಿ ಕಳೆದಾಗ ಹುಡುಗನ ಕೈಗೆ ಬಂದದ್ದು ಏನೂ ಇಲ್ಲ. ಬದಲಿಗೆ ಒಡೆಯನಿಗೆ ಅವನೇ 7 ಡಾಲರ್ 54 ಸೆಂಟ್ ಕೊಡಬೇಕಾಗಿತ್ತು.

ಹುಡುಗನ ಹೆಸರು ರೈಲಿ ಕಿಂಗ್. ಮುಂದೆ ಬಿ.ಬಿ. ಕಿಂಗ್ ಎಂದು ಜಗತ್ತಿಗೇ ಪರಿಚಿತನಾದ ಗಿಟಾರು ವಾದಕ. 2015ರ ಮೇ 14ರಂದು ಲಾಸ್ ವೇಗಸ್‌ನಲ್ಲಿ ತನ್ನ 89ನೇ ವಯಸ್ಸಿನಲ್ಲಿ ಆತ ತೀರಿಕೊಂಡಾಗ ಪತ್ರಿಕೆಗಳೆಲ್ಲ 'ಬ್ಲೂಸ್ ಸಂಗೀತದ ದೊರೆ' ಎಂದೇ ಬರೆದವು. ಹೆಸರಿನಲ್ಲೇ ಕಿಂಗ್ ಇದ್ದುದರಿಂದ ಪತ್ರಕರ್ತರಿಗೆ ಆ ಶೀರ್ಷಿಕೆ ಪುಕ್ಕಟೆಯಾಗಿ ಸಿಕ್ಕಿತ್ತು. ಆದರೆ ಈ ದೊರೆತನ ಬಂದ ದಾರಿ ಪುಕ್ಕಟೆಯದಾಗಿರಲಿಲ್ಲ.

ಮಿಸಿಸಿಪ್ಪಿ ನದಿಯ ಬಯಲನ್ನು ಅಲ್ಲಿಯವರು ಡೆಲ್ಟಾ ಎನ್ನುತ್ತಾರೆ. ಕಣ್ಣು ಹಾಯಿಸಿದಷ್ಟೂ ಮಟ್ಟಸವಾದ ಕಪ್ಪು ನೆಲ. ಹತ್ತಿಗೆ ಹೇಳಿ ಮಾಡಿಸಿದ್ದು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಹತ್ತಿ ಹೋಗಲಿಲ್ಲ, ಹತ್ತಿಯ ಹೊಲ ಬಿಳಿಯರ ಕೈಯಿಂದ ಜಾರಲೂ ಇಲ್ಲ. ಬಿಡುಗಡೆಯಾದ ಕಪ್ಪು ಜನ ಅದೇ ಹೊಲಗಳಲ್ಲಿ ಪಾಲಿಗೆ ದುಡಿಯತೊಡಗಿದರು. ನಮ್ಮಲ್ಲಿ ಕೋರಿಗೆ ಹೊಲ ಮಾಡುವುದು ಎನ್ನುತ್ತಾರಲ್ಲ, ಹೆಚ್ಚೂ ಕಡಿಮೆ ಅದೇ ಪದ್ಧತಿ. ನೆಲ, ಬೀಜ, ಹೇಸರಗತ್ತೆ ಒಡೆಯನದು. ಕಾಳುಕಡಿಯೂ ಅವನು ಹೇಳಿದ ಅಂಗಡಿಯಲ್ಲಿ ಉದ್ದರಿ. ಸುಗ್ಗಿಯಾದ ಮೇಲೆ ಬೆಳೆಯಲ್ಲಿ ಅರ್ಧ ಪಾಲು, ಅದರಲ್ಲಿ ಉದ್ದರಿ ವಜಾ. ಪುಸ್ತಕ ಬರೆಯುವವನು ಒಡೆಯ. ಓದು ಬರದ ರೈತ ಅದನ್ನು ನಂಬಬೇಕು, ನಂಬದಿದ್ದರೂ ಬಾಯಿ ಬಿಡುವಂತಿರಲಿಲ್ಲ. ತಂದೆಯಿದ್ದ ಲೆಕ್ಸಿಂಗ್ಟನ್ ಊರಿನ ನ್ಯಾಯಾಲಯದ ಎದುರು, ಬಿಳಿಯರ ಗುಂಪು ಕೊಂದ ಕಪ್ಪು ಯುವಕನ ಹೆಣವನ್ನು ಪ್ರದರ್ಶನಕ್ಕಿಟ್ಟಂತೆ ಇಟ್ಟದ್ದನ್ನು ಹುಡುಗನಾಗಿದ್ದಾಗ ನೋಡಿದ್ದನ್ನು ಕಿಂಗ್ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಬಾಯಿ ಏಕೆ ಬಿಡುತ್ತಿರಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

1925ರ ಸೆಪ್ಟೆಂಬರ್ 16ರಂದು ಇಟಾ ಬೀನಾ ಊರಿನ ಸಮೀಪದ ಹತ್ತಿ ತೋಟವೊಂದರಲ್ಲಿ ಹುಟ್ಟಿದ ಈ ಹುಡುಗನಿಗೆ ಸಂಗೀತ ಎರಡು ಬಾಗಿಲುಗಳಿಂದ ಬಂತು. ಒಂದು ಚರ್ಚು. ಅಲ್ಲಿನ ಪಾದ್ರಿ ಆರ್ಚಿ ಫೇರ್ ಗಿಟಾರು ನುಡಿಸುತ್ತ ಉಪದೇಶ ಮಾಡುತ್ತಿದ್ದ. ಹುಡುಗನಿಗೆ ಮೊದಲ ಮೂರು ಕಾರ್ಡ್‌ಗಳನ್ನು ಹೇಳಿಕೊಟ್ಟವನು ಅವನೇ. ಇನ್ನೊಂದು, ಸಂಬಂಧದಲ್ಲಿ ಅಜ್ಜಿಯಾಗಬೇಕಿದ್ದ ಮೈಮಾ ಎಂಬಾಕೆಯ ಮನೆಯಲ್ಲಿದ್ದ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನ್. ಅದರ ಮೇಲೆ ಬ್ಲೈಂಡ್ ಲೆಮನ್ ಜೆಫರ್ಸನ್, ಲೋನಿ ಜಾನ್ಸನ್ ಮೊದಲಾದವರ ಬ್ಲೂಸ್ ತಟ್ಟೆಗಳು ತಿರುಗುತ್ತಿದ್ದವು. ಒಡೆಯನಿಂದ ಸಂಬಳದ ಮುಂಗಡ ಪಡೆದು 15 ಡಾಲರಿಗೆ ಮೊದಲ ಗಿಟಾರು ಕೊಂಡ. ಅಂದರೆ ಗಿಟಾರು ಬಂದದ್ದೂ ಸಾಲದ ಲೆಕ್ಕದಲ್ಲೇ.

ಚರ್ಚು ಮತ್ತು ಗ್ರಾಮಫೋನ್ ಎಂದೆ. ಅವೆರಡೂ ಒಂದಕ್ಕೊಂದು ಆಗುತ್ತಿರಲಿಲ್ಲ. ಬ್ಲೂಸ್ ಎಂದರೆ ದೈವಭಕ್ತರ ಕಣ್ಣಿಗೆ ಸೈತಾನನ ಹಾಡು. ಹೆಂಡದಂಗಡಿಯ, ಜೂಜುಕಟ್ಟೆಯ, ಓಡಿಹೋದ ಹೆಂಗಸಿನ ಹಾಡು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ರೈಲಿ ಇಂಡಿಯನೋಲ ಎಂಬ ಊರಿಗೆ ಬಂದು ಟ್ರ್ಯಾಕ್ಟರ್ ಚಾಲಕನಾದ. ವಾರಕ್ಕೆ ಇಪ್ಪತ್ತೆರಡೂವರೆ ಡಾಲರ್ ಸಂಬಳ. ಹತ್ತಿ ಬಿಡಿಸುವವರ ನಡುವೆ ಅದು ದೊಡ್ಡ ನೌಕರಿ. ಶನಿವಾರ ಸಂಜೆ ಚರ್ಚ್ ಸ್ಟ್ರೀಟ್ ಮತ್ತು ಸೆಕೆಂಡ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಗಿಟಾರು ಹಿಡಿದು ನಿಲ್ಲುತ್ತಿದ್ದ. ದೇವರ ಹಾಡು ಹಾಡಿದರೆ ಜನ ತಲೆ ಸವರಿ ಒಳ್ಳೆಯದಾಗಲಿ ಎಂದು ಹರಸಿ ಹೋಗುತ್ತಿದ್ದರು. ಬ್ಲೂಸ್ ಕೇಳಿದವರು ನಾಣ್ಯ ಹಾಕುತ್ತಿದ್ದರು. ತಾನು ಬ್ಲೂಸ್ ಹಾಡುಗಾರನಾದದ್ದು ಹೀಗೆ ಎಂದು ಮುಂದೆ ಕಿಂಗ್ ನಗುನಗುತ್ತಾ ಹೇಳುತ್ತಿದ್ದುದು ಹಲವು ಸಂದರ್ಶನಗಳಲ್ಲಿದೆ. ತಮಾಷೆಯ ಕತೆಯೇನೋ ನಿಜ. ಆದರೆ ಹರಕೆಗೂ ನಾಣ್ಯಕ್ಕೂ ನಡುವಿನ ಆ ಬಿರುಕು ಆತನನ್ನು ಜೀವಮಾನವಿಡೀ ಬಿಡಲಿಲ್ಲ.

ಬ್ಲೂಸ್ ಎಂದರೇನು? ಕೇಳಿ ಅಭ್ಯಾಸವಿಲ್ಲದವರಿಗೆ ಸ್ವಲ್ಪ ಹೇಳಬೇಕು. ಚೌಕಟ್ಟು ಬಹಳ ಸಣ್ಣದು. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಆವರ್ತ, ಮೂರೇ ಕಾರ್ಡ್. ಸಾಹಿತ್ಯದಲ್ಲಿ ಸಾಮಾನ್ಯವಾಗಿ ಒಂದು ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ಹೊಲದಲ್ಲಿ ಒಬ್ಬ ಕೂಗಿದರೆ ಮಿಕ್ಕವರು ಓಗೊಡುತ್ತಿದ್ದ ಕೆಲಸದ ಹಾಡುಗಳಿಂದ ಈ ರೀತಿ ಬಂತೆನ್ನುತ್ತಾರೆ. ಗುಟ್ಟಿರುವುದು ಸ್ವರದಲ್ಲಿ. ಪಿಯಾನೋದಲ್ಲಿ ಇಂಥ ಮನೆಗೆ ಇಂಥ ಸ್ವರ ಎಂದು ಖಡಾಖಂಡಿತವಾಗಿ ಇರುತ್ತದೆ. ಬ್ಲೂಸ್ ಹಾಡುಗಾರ ಆ ಮನೆಗಳ ನಡುವಿನ ಸಂದಿಯಲ್ಲಿ ನಿಲ್ಲುತ್ತಾನೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಒಂದು ಕಡೆ ಸ್ವರ ತೂಗಾಡುತ್ತದೆ. ಕಛೇರಿ ಕೇಳಿ ಬೆಳೆದ ಕಿವಿಗೆ ಇದರಲ್ಲಿ ಅಪಸ್ವರ ಕೇಳಿಸುವುದಿಲ್ಲ. ಯುರೋಪಿನ ಸಂಗೀತದಲ್ಲಿ ಪಳಗಿದ ಕಿವಿಗೆ ಮೊದಮೊದಲು ಕೇಳಿಸಿತು.

1946ರಲ್ಲಿ ಒಂದು ಸಂಜೆ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ ಮೇಲೂ ಎಂಜಿನ್ ಎರಡು ಸಲ ಕುಲುಕಿ ಮುಂದಕ್ಕೆ ಹೋಗಿ, ಹೊಗೆ ಕೊಳವೆ ಕೊಟ್ಟಿಗೆಗೆ ಬಡಿದು ಮುರಿಯಿತು. ಒಡೆಯನಿಗೆ ಹೆದರಿ ರೈಲಿ ಗಿಟಾರು ಮತ್ತು ಎರಡೂವರೆ ಡಾಲರ್ ಹಿಡಿದು ಮೆಂಫಿಸ್ ನಗರಕ್ಕೆ ಓಡಿದ. ಅಲ್ಲಿ ತಾಯಿಯ ಕಡೆಯ ನೆಂಟ ಬುಕಾ ವೈಟ್ ಇದ್ದ. ಆಗಲೇ ಹೆಸರಾದ ಬ್ಲೂಸ್ ವಾದಕ. ಹತ್ತು ತಿಂಗಳು ಅವನ ಜೊತೆಗಿದ್ದು, ತಿರುಗಿ ಬಂದು ಟ್ರ್ಯಾಕ್ಟರಿನ ಬಾಕಿ ತೀರಿಸಿ, 1948ರಲ್ಲಿ ಮತ್ತೆ ಮೆಂಫಿಸ್‌ಗೆ ಹೋದ. ಬಾಕಿ ತೀರಿಸಲು ಮರಳಿ ಬಂದನಲ್ಲ, ಅದು ಆ ಮನುಷ್ಯನ ಸ್ವಭಾವ.

ಮೆಂಫಿಸ್‌ನಲ್ಲಿ ಆಗ ಡಬ್ಲ್ಯು.ಡಿ.ಐ.ಎ. ಎಂಬ ರೇಡಿಯೋ ಕೇಂದ್ರ ಹೊಸ ಸಾಹಸಕ್ಕೆ ಕೈ ಹಾಕಿತ್ತು. ಮಾಲೀಕರು ಬಿಳಿಯರೇ. ಆದರೆ ಮಾತಾಡುವವರು, ಹಾಡುವವರು, ಕೇಳುವವರು ಕಪ್ಪು ಜನ. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. ಪೆಪ್ಟಿಕಾನ್ ಎಂಬ ಟಾನಿಕ್ಕಿನ ಜಾಹೀರಾತು ಹಾಡು ಕಟ್ಟಿ ಹಾಡಿದರೆ ಹತ್ತು ನಿಮಿಷ ನಿನ್ನದು ಎಂದರು. ಹಾಡಿದ. ಸ್ವಲ್ಪ ದಿನದಲ್ಲೇ ತಟ್ಟೆ ಹಾಕುವ ಉದ್ಘೋಷಕನೂ ಆದ. 'ಬೀಲ್ ಸ್ಟ್ರೀಟ್ ಬ್ಲೂಸ್ ಬಾಯ್' ಎಂದು ಕರೆಸಿಕೊಂಡು, ಅದು 'ಬ್ಲೂಸ್ ಬಾಯ್' ಆಗಿ, ಕೊನೆಗೆ ಬಿ.ಬಿ. ಆಯಿತು. ಈ ಉದ್ಘೋಷಕನ ಕೆಲಸದ ಲಾಭವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಹಳ್ಳಿಯ ಹುಡುಗನಿಗೆ ಒಂದು ಕೋಣೆ ತುಂಬ ರೆಕಾರ್ಡುಗಳು ಸಿಕ್ಕವು. ಟಿ-ಬೋನ್ ವಾಕರ್‌ನ ವಿದ್ಯುತ್ ಗಿಟಾರು, ಚಾರ್ಲಿ ಕ್ರಿಶ್ಚಿಯನ್‌ನ ಜಾಝ್, ಎಲ್ಲವನ್ನೂ ಕೇಳಿದ. ಫ್ರಾನ್ಸಿನಲ್ಲಿ ಸೈನಿಕನಾಗಿದ್ದ ಗೆಳೆಯನೊಬ್ಬ ಹಿಂತಿರುಗುವಾಗ ತಂದ ಜ್ಯಾಂಗೋ ರೈನ್‌ಹಾರ್ಟ್‌ನ ತಟ್ಟೆಗಳು ಅವನನ್ನು ಮೊದಲೇ ಮರುಳು ಮಾಡಿದ್ದವು. ಮಣ್ಣಿನ ವಾಸನೆಯ ಡೆಲ್ಟಾ ಬ್ಲೂಸಿಗೆ ನಗರದ ನಯ ಬೆರೆತದ್ದು ಇಲ್ಲಿ.

ಲುಸಿಲ್ ಕತೆ ಹೇಳದಿದ್ದರೆ ಓದುಗರು ಕ್ಷಮಿಸಲಾರರು. 1949ರ ಚಳಿಗಾಲ. ಅರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬಲ್ಲಿ ಒಂದು ಕುಣಿತದ ಮನೆ. ಬೆಚ್ಚಗಿರಲೆಂದು ಪೀಪಾಯಿಯಲ್ಲಿ ಅರ್ಧ ಸೀಮೆಎಣ್ಣೆ ಸುರಿದು ಹೊತ್ತಿಸಿ ನಡುವೆ ಇಟ್ಟಿದ್ದರು. ಇಬ್ಬರು ಕೈಕೈ ಮಿಲಾಯಿಸಿ ಪೀಪಾಯಿಯ ಮೇಲೆ ಬಿದ್ದರು. ಉರಿಯುವ ಎಣ್ಣೆ ಹೊಳೆಯಂತೆ ಹರಿಯಿತು. ಎಲ್ಲರೊಡನೆ ಹೊರಗೋಡಿದ ಕಿಂಗ್‌ಗೆ ಗಿಟಾರು ಒಳಗೇ ಉಳಿದದ್ದು ನೆನಪಾಗಿ, ಉರಿಯುತ್ತಿದ್ದ ಮನೆಗೆ ಮತ್ತೆ ನುಗ್ಗಿ ಅದನ್ನು ತಂದ. ಗಿಟಾರಿನ ಬೆಲೆ ಸುಮಾರು 30 ಡಾಲರ್. ಆ ರಾತ್ರಿ ಇಬ್ಬರು ಸುಟ್ಟು ಸತ್ತರು. ಜಗಳವಾದದ್ದು ಅಲ್ಲೇ ಕೆಲಸಕ್ಕಿದ್ದ ಲುಸಿಲ್ ಎಂಬ ಹೆಂಗಸಿಗಾಗಿ ಎಂದು ಮರುದಿನ ತಿಳಿಯಿತು. ಇಂಥ ಹುಚ್ಚುತನ ಮತ್ತೆ ಮಾಡಬಾರದೆಂದು ನೆನಪಿಗಾಗಿ ಗಿಟಾರಿಗೆ ಆ ಹೆಸರಿಟ್ಟ. ಮುಂದೆ ಆತ ಬಳಸಿದ ಗಿಟಾರುಗಳಿಗೆಲ್ಲ ಅದೇ ಹೆಸರು. 1980ರಲ್ಲಿ ಗಿಬ್ಸನ್ ಕಂಪನಿ 'ಲುಸಿಲ್' ಎಂಬ ಮಾದರಿಯನ್ನೇ ಹೊರತಂದಿತು. ಸಾಮಾನ್ಯವಾಗಿ ಆ ಬಗೆಯ ಗಿಟಾರಿನ ಮೈಮೇಲೆ ಇರುವ ರಂಧ್ರಗಳು ಇದರಲ್ಲಿಲ್ಲ. ಲೌಡ್‌ಸ್ಪೀಕರ್‌ನಿಂದ ಮರಳಿ ಬರುವ ಕೀರಲು ತಪ್ಪಿಸಲು ಕಿಂಗ್ ಆ ರಂಧ್ರಗಳಿಗೆ ಬಟ್ಟೆ ತುರುಕುತ್ತಿದ್ದ. ಕಂಪನಿಯವರು ರಂಧ್ರವನ್ನೇ ಕೈಬಿಟ್ಟರು.

1952ರ ಆರಂಭದಲ್ಲಿ 'ತ್ರೀ ಓ ಕ್ಲಾಕ್ ಬ್ಲೂಸ್' ಎಂಬ ತಟ್ಟೆ ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು ಮೂಲತಃ ಲೋವೆಲ್ ಫುಲ್ಸನ್ ಎಂಬ ಗಾಯಕನ ಹಾಡು. ಆದರೆ ಕಿಂಗ್‌ನ ತಟ್ಟೆಯ ಮೇಲೆ ರಚನೆಕಾರರ ಸಾಲಿನಲ್ಲಿ ಕಿಂಗ್ ಜೊತೆಗೆ ಟಾಬ್ ಎಂಬ ಹೆಸರಿತ್ತು. ಟಾಬ್ ಎಂಬ ಕವಿ ಇರಲೇ ಇಲ್ಲ. ಅದು ರೆಕಾರ್ಡ್ ಕಂಪನಿಯ ಒಡೆಯರಾದ ಬಿಹಾರಿ ಸೋದರರಲ್ಲೊಬ್ಬ ಇಟ್ಟುಕೊಂಡ ಕಳ್ಳ ಹೆಸರು. (ಬಿಹಾರಿ ಎಂದೊಡನೆ ನಮ್ಮ ಬಿಹಾರ ನೆನಪಾಗುತ್ತದೆ, ಸಂಬಂಧವೇನೂ ಇಲ್ಲ, ಹಂಗೇರಿ ಮೂಲದ ಯಹೂದಿ ಮನೆತನ.) ಹಾಡಿನ ಹಕ್ಕಿನ ಹಣದಲ್ಲಿ ಅರ್ಧ ಹೀಗೆ ಹೋಗುತ್ತಿತ್ತು. ಹೊಲದ ಒಡೆಯನ ಪುಸ್ತಕ ಕಂಪನಿಯ ಒಡೆಯನ ಪುಸ್ತಕವಾಯಿತು ಅಷ್ಟೆ.

ತಟ್ಟೆಯಿಂದ ಬಾರದ ಹಣವನ್ನು ರಸ್ತೆಯಲ್ಲಿ ದುಡಿಯಬೇಕಿತ್ತು. 1956ರಲ್ಲಿ ಕಿಂಗ್ 342 ರಾತ್ರಿ ಕಾರ್ಯಕ್ರಮ ಕೊಟ್ಟ. ಆ ವರ್ಷಕ್ಕಿದ್ದುದೇ 366 ದಿನ. ದಕ್ಷಿಣದ ಊರುಗಳಲ್ಲಿ ವಾದ್ಯಗಾರರಿಗೆ ಊಟ ಹೋಟೆಲಿನ ಹಿಂಬಾಗಿಲಲ್ಲಿ; ಎಷ್ಟೋ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯಕ್ಕೆ ಪ್ರವೇಶವಿಲ್ಲ; ಮಲಗಲು ಕಪ್ಪು ಜನರ ಕೇರಿಯಲ್ಲಿ ಜಾಗ ಸಿಗದಿದ್ದರೆ ಬಸ್ಸೇ ಗತಿ. ಎರಡು ಮದುವೆಗಳು ಈ ಅಲೆದಾಟದಲ್ಲೇ ಮುರಿದವು.

ಇನ್ನು ಆತನ ಕೈಗುಣದ ವಿಷಯ. ನೆಂಟ ಬುಕಾ ವೈಟ್ ಬೆರಳಿಗೆ ಲೋಹದ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಿ, ಮನುಷ್ಯ ನರಳಿದಂತೆ ಗಿಟಾರನ್ನು ನರಳಿಸುತ್ತಿದ್ದ. ಕಿಂಗ್ ಎಷ್ಟು ಪ್ರಯತ್ನಿಸಿದರೂ ಆ ವಿದ್ಯೆ ಹತ್ತಲಿಲ್ಲ. ಬದಲಿಗೆ ಬರಿಗೈ ಬೆರಳಿನಿಂದಲೇ ತಂತಿಯನ್ನು ಪಕ್ಕಕ್ಕೆಳೆದು, ಮಣಿಕಟ್ಟನ್ನು ಚಿಟ್ಟೆಯ ರೆಕ್ಕೆಯಂತೆ ಅದುರಿಸಿ ಅದೇ ನರಳಿಕೆ ತೆಗೆಯಲು ಹೊರಟ. ವೈಣಿಕರು ಮೆಟ್ಟಿಲಿನ ಮೇಲೆ ತಂತಿ ಎಳೆದು ಗಮಕ ಕೊಡುವುದನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆತ ಕಾರ್ಡ್ ನುಡಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಡುವಾಗ ಗಿಟಾರು ಸುಮ್ಮನಿರುತ್ತದೆ, ಗಿಟಾರು ನುಡಿಯುವಾಗ ಆತ ಸುಮ್ಮನಿರುತ್ತಾನೆ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಟ್ಟಂತೆ. ಹತ್ತು ಸ್ವರ ಹಾಕುವ ಕಡೆ ಎರಡು ಹಾಕಿ, ಮಿಕ್ಕದ್ದನ್ನು ಖಾಲಿ ಬಿಡುವ ಧೈರ್ಯ. ಕಣ್ಣು ಮುಚ್ಚಿ ಕುಳಿತವರೂ ಒಂದೇ ಸ್ವರದಲ್ಲಿ ಇದು ಕಿಂಗ್ ಎಂದು ಹೇಳಬಲ್ಲರು ಎನ್ನುವುದು ಉತ್ಪ್ರೇಕ್ಷೆಯಲ್ಲ. ಇಂದು ವಿದ್ಯುತ್ ಗಿಟಾರು ಹಿಡಿದ ಯಾವ ಹುಡುಗ ತಂತಿ ಎಳೆದು ಸ್ವರ ಅಳಿಸಿದರೂ ಅದರಲ್ಲಿ ಈತನ ಕೈಬೆರಳಿನ ಗುರುತು ಒಂದಿಷ್ಟು ಇದ್ದೇ ಇರುತ್ತದೆ.

ಇಷ್ಟಾದರೂ 1960ರ ದಶಕದ ಆರಂಭದಲ್ಲಿ ಈತನಿಗೆ ದೊಡ್ಡ ಪೆಟ್ಟು ಬಿತ್ತು. ಬಿದ್ದದ್ದು ತನ್ನವರಿಂದಲೇ. ನಾಗರಿಕ ಹಕ್ಕುಗಳ ಚಳವಳಿ ಕಾವೇರುತ್ತಿದ್ದ ಕಾಲ. ಉತ್ತರದ ನಗರಗಳಲ್ಲಿ ಬೆಳೆದ ಕಪ್ಪು ಯುವಕರಿಗೆ ಬ್ಲೂಸ್ ಎಂದರೆ ಹತ್ತಿ ಹೊಲದ, ಅಜ್ಜಂದಿರ ದೈನ್ಯದ ನೆನಪು. ಅವರಿಗೆ ತಲೆಯೆತ್ತಿ ಕುಣಿಯುವ ಸೋಲ್ ಸಂಗೀತ ಬೇಕಿತ್ತು. ಹೊಸ ತಾರೆಗಳ ಜೊತೆ ವೇದಿಕೆ ಹತ್ತಿದ ಕಿಂಗ್‌ನನ್ನು ಸಭಿಕರು ಹಾಡುವ ಮೊದಲೇ ಕೂಗಿ ಹೀಯಾಳಿಸಿದರು. ಆತ ಅತ್ತ. ಆ ಯುವಕರನ್ನು ನಾನಂತೂ ದೂರಲಾರೆ. ಅವಮಾನದ ನೆನಪನ್ನು ಯಾರು ತಾನೇ ಟಿಕೆಟ್ ಕೊಂಡು ಕೇಳುತ್ತಾರೆ? ಆದರೆ ಬಿಳಿಯರ ಸಭೆಗಳು ಇನ್ನೂ ಬಾಗಿಲು ತೆರೆದಿರಲಿಲ್ಲ, ತನ್ನವರು ಬಾಗಿಲು ಮುಚ್ಚುತ್ತಿದ್ದರು. ನಡುವೆ ನಿಂತವನ ಪಾಡು ಏನಾಗಬೇಕು? ಹಾಗೆಂದು ಎಲ್ಲರೂ ಕೈಬಿಟ್ಟಿರಲಿಲ್ಲ. 1964ರ ನವೆಂಬರ್ 21ರಂದು ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಕಪ್ಪು ಸಭಿಕರೆದುರು ನುಡಿಸಿದ ಕಾರ್ಯಕ್ರಮದ ಧ್ವನಿಮುದ್ರಣ ಇದೆ. ಹೆಂಗಸರ ಕಿರುಚಾಟ, ಸಾಲು ಸಾಲಿಗೂ ಸಭೆಯ ಓಗೊಡುವಿಕೆ, ಅದಕ್ಕೆ ತಕ್ಕಂತೆ ಮೇಲೇರುವ ಗಿಟಾರು. ಕಿಂಗ್‌ನನ್ನು ಮೊದಲ ಬಾರಿ ಕೇಳಬೇಕೆನ್ನುವವರು ಇದರಿಂದ ಶುರುಮಾಡುವುದು ಒಳ್ಳೆಯದು.

ಅಷ್ಟರಲ್ಲಿ ಅಟ್ಲಾಂಟಿಕ್ ಸಾಗರದಾಚೆ ಇಂಗ್ಲೆಂಡಿನ ಹುಡುಗರು ಅಮೆರಿಕದಿಂದ ಬಂದ ತಟ್ಟೆಗಳನ್ನು ಸವೆಯುವಷ್ಟು ತಿರುಗಿಸಿ ಬ್ಲೂಸ್ ಕಲಿಯುತ್ತಿದ್ದರು. ಎರಿಕ್ ಕ್ಲಾಪ್ಟನ್, ಪೀಟರ್ ಗ್ರೀನ್ ಮುಂತಾದವರು ಈ ಪೈಕಿ. ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಹೆಸರೇ ಮಡ್ಡಿ ವಾಟರ್ಸ್‌ನ ಬ್ಲೂಸ್ ಹಾಡಿನದು. ಅಮೆರಿಕದ ಬಿಳಿಯ ಹುಡುಗರು ತಮ್ಮ ಪಕ್ಕದ ಕೇರಿಯ ಸಂಗೀತವನ್ನು ಇಂಗ್ಲೆಂಡಿನಿಂದ ಆಮದು ಮಾಡಿಕೊಂಡು ಕೇಳಿದರೆಂಬುದು ವಿಚಿತ್ರವಾದರೂ ಬಹುಮಟ್ಟಿಗೆ ನಿಜ. ಅವರಲ್ಲೂ ಷಿಕಾಗೋದ ಮೈಕ್ ಬ್ಲೂಮ್‌ಫೀಲ್ಡ್‌ನಂತೆ ನೇರವಾಗಿ ಕಪ್ಪು ಜನರ ಕ್ಲಬ್ಬುಗಳಿಗೇ ಹೋಗಿ ಕಲಿತವರಿದ್ದರು.

1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣಕ್ಕೆ ಕಿಂಗ್‌ನ ಬಸ್ಸು ಬಂತು. ಹಿಂದೆ ಆತ ಅಲ್ಲೇ ಕಪ್ಪು ಜನರೆದುರು ನುಡಿಸಿದ್ದುಂಟು. ಈಗ ಮೆಟ್ಟಿಲುಗಳ ಮೇಲೆ ಉದ್ದ ಕೂದಲಿನ ಬಿಳಿಯ ಹುಡುಗ ಹುಡುಗಿಯರು ಕುಳಿತಿದ್ದರು. ತಪ್ಪು ವಿಳಾಸಕ್ಕೆ ಬಂದೆವೆಂದೇ ಕಿಂಗ್ ಭಾವಿಸಿದ. ವ್ಯವಸ್ಥಾಪಕ ಬಿಲ್ ಗ್ರಹಾಂ ವೇದಿಕೆಗೆ ಬಂದು ಹೆಸರು ಹೇಳಿದ್ದೇ ತಡ, ಒಂದು ಸ್ವರ ಕೇಳುವ ಮೊದಲೇ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಿಂಗ್ ಮತ್ತೆ ಅತ್ತ. ಇಪ್ಪತ್ತು ವರ್ಷ ರಸ್ತೆ ಸವೆಸಿದವನಿಗೆ ಎದ್ದು ನಿಂತ ಸಭೆ ಅದೇ ಮೊದಲು ಕಂಡಿತಂತೆ.

ಅಲ್ಲಿಂದಾಚೆಗಿನದು ಎಲ್ಲರಿಗೂ ಗೊತ್ತಿರುವ ಕತೆ. 1969ರಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ಅಮೆರಿಕ ಪ್ರವಾಸ. ಅದೇ ವರ್ಷ ಮುದ್ರಿಸಿದ 'ದಿ ಥ್ರಿಲ್ ಈಸ್ ಗಾನ್' 1970ರಲ್ಲಿ ಎಲ್ಲರ ಪಟ್ಟಿಯಲ್ಲೂ 15ನೇ ಸ್ಥಾನ ಹಿಡಿಯಿತು. ರಾಯ್ ಹಾಕಿನ್ಸ್ 1951ರಲ್ಲಿ ಹಾಡಿದ್ದ ಹಾಡದು, ಪಿಟೀಲುಗಳ ಹಿಮ್ಮೇಳ ಸೇರಿಸಿ ಹೊಸದಾಗಿ ಬಂತು. ಗ್ರ್ಯಾಮಿ ಪ್ರಶಸ್ತಿಗಳು ಒಟ್ಟು 15 ಬಂದವು. 1974ರಲ್ಲಿ ಜೈರ್ ದೇಶದ ಕಿನ್ಷಾಸಾ, 1979ರಲ್ಲಿ ಸೋವಿಯತ್ ಒಕ್ಕೂಟ, 2006ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕ. 1980ರ ದಶಕದ ಕೆಲವು ತಟ್ಟೆಗಳಲ್ಲಿ ಹೊಳಪು ಹೆಚ್ಚಿ ಖಾರ ಕಡಿಮೆಯಾಯಿತೆಂಬ ದೂರು ಸುಳ್ಳಲ್ಲ. 2000ದಲ್ಲಿ ಕ್ಲಾಪ್ಟನ್ ಜೊತೆ ಮಾಡಿದ ತಟ್ಟೆ ಅಮೆರಿಕವೊಂದರಲ್ಲೇ 20 ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದರ ಹೊದಿಕೆಯ ಚಿತ್ರದಲ್ಲಿ ಕಾರು ಓಡಿಸುತ್ತಿರುವವನು ಕ್ಲಾಪ್ಟನ್, ಹಿಂದಿನ ಸೀಟಿನಲ್ಲಿ ಆರಾಮವಾಗಿ ಕುಳಿತವನು ಕಿಂಗ್. ಶಿಷ್ಯನ ಸೌಜನ್ಯ ಚೆನ್ನಾಗಿದೆ. ತನ್ನನ್ನು ಅನುಕರಿಸಿ ತನಗಿಂತ ಸಿರಿವಂತರಾದವರ ಬಗ್ಗೆ ಕಿಂಗ್ ಎಂದೂ ಕಹಿಯಾಡಲಿಲ್ಲ. ಅವರಿಂದಾಗಿಯೇ ತನಗೆ ಬಾಗಿಲು ತೆರೆಯಿತೆನ್ನುತ್ತಿದ್ದ. ಅದು ಆತನ ದೊಡ್ಡತನ. ಲೆಕ್ಕ ಸರಿಯಿತ್ತೆಂದು ಅದರಿಂದ ಅರ್ಥವಾಗುವುದಿಲ್ಲ.

ಪ್ರಶಸ್ತಿಗಳಿಗಿಂತ ನನಗೆ ಮುಖ್ಯವೆನಿಸುವುದು 1970ರ ಸೆಪ್ಟೆಂಬರ್ 10. ಅಂದು ಷಿಕಾಗೋದ ಕುಕ್ ಕೌಂಟಿ ಜೈಲಿನ ಅಂಗಳದಲ್ಲಿ ಕಿಂಗ್ ನುಡಿಸಿದ. ಕೈದಿಗಳಲ್ಲಿ ಬಹುಪಾಲು ಕಪ್ಪು ಯುವಕರು, ಎಷ್ಟೋ ಮಂದಿ ವಿಚಾರಣೆಗೆ ಕಾದು ಕುಳಿತವರು. ಧ್ವನಿಮುದ್ರಣದ ಆರಂಭದಲ್ಲಿ ಸ್ವಾಗತ ಭಾಷಣವಿದೆ. ಷರೀಫ್ ಮತ್ತು ನ್ಯಾಯಾಧೀಶರ ಹೆಸರು ಹೇಳಿದಾಗ ಕೈದಿಗಳ ಕೂಗಾಟ ಮುಗಿಲು ಮುಟ್ಟುತ್ತದೆ. ಅಂಥ ಸಭೆಯನ್ನು ಗಿಟಾರಿನಿಂದ ಹಿಡಿದು ನಿಲ್ಲಿಸಿದ. ಏಳೆಂಟು ವರ್ಷದ ಹಿಂದೆ ಹೀಯಾಳಿಸಿದ ವಯಸ್ಸಿನವರೇ ಇಲ್ಲಿ ಎದುರಿಗಿದ್ದವರು. ಈ ಸಲ ಕೇಳಿದರು. ಆಮೇಲೆ ಆತ ವಕೀಲ ಎಫ್. ಲೀ ಬೇಲಿ ಜೊತೆ ಸೇರಿ ಕೈದಿಗಳ ಪುನರ್ವಸತಿಗೆ ಸಂಸ್ಥೆಯೊಂದನ್ನು ಕಟ್ಟಿದ. ಹತ್ತಾರು ಜೈಲುಗಳಲ್ಲಿ ಹಣ ಪಡೆಯದೆ ನುಡಿಸಿದ.

1990ರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಕೊನೆಯ ವರ್ಷಗಳಲ್ಲಿ ಕುರ್ಚಿಯ ಮೇಲೆ ಕುಳಿತೇ ನುಡಿಸುತ್ತಿದ್ದ. 2014ರ ಅಕ್ಟೋಬರ್ 3ರಂದು ಷಿಕಾಗೋದಲ್ಲಿ ಕಾರ್ಯಕ್ರಮದ ನಡುವೆ ಅಸ್ವಸ್ಥನಾದ. ಉಳಿದ ಕಾರ್ಯಕ್ರಮಗಳು ರದ್ದಾದವು.

ಇಂಡಿಯನೋಲ ಊರಿನ ಬಗ್ಗೆ ಒಂದು ಮಾತು ಬಾಕಿಯಿದೆ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ತೀರ್ಪು ಕೊಟ್ಟಾಗ, ಅದನ್ನು ವಿರೋಧಿಸಲು ಬಿಳಿಯ ಗಣ್ಯರು 'ಬಿಳಿಯ ನಾಗರಿಕರ ಮಂಡಳಿ' ಎಂಬ ಸಂಘಟನೆ ಕಟ್ಟಿದರು. ಅದು ಮೊದಲು ಹುಟ್ಟಿದ್ದು ಇದೇ ಊರಿನಲ್ಲಿ. 1963ರಲ್ಲಿ ಮಿಸಿಸಿಪ್ಪಿಯ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್‌ನನ್ನು ಗುಂಡಿಕ್ಕಿ ಕೊಂದವನೂ ಅದರ ಸದಸ್ಯ. ಕಿಂಗ್ ವರ್ಷಕ್ಕೊಮ್ಮೆ ತಪ್ಪದೆ ಮಿಸಿಸಿಪ್ಪಿಗೆ ಬಂದು ಎವರ್ಸ್ ನೆನಪಿನ ಉತ್ಸವಗಳಲ್ಲಿ ನುಡಿಸುತ್ತಿದ್ದ, ಇಂಡಿಯನೋಲದ ಉದ್ಯಾನದಲ್ಲಿ ಮಕ್ಕಳನ್ನು ವೇದಿಕೆಗೆ ಕರೆದು ಕುಣಿಸುತ್ತಿದ್ದ. 2008ರಲ್ಲಿ ಅಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅದರ ಒಂದು ಭಾಗ ಹಳೆಯ ಇಟ್ಟಿಗೆ ಕಟ್ಟಡ, 1940ರ ದಶಕದಲ್ಲಿ ಕಿಂಗ್ ಕೆಲಸ ಮಾಡುತ್ತಿದ್ದ ಹತ್ತಿ ಜಿನ್ನು.

2015ರ ಮೇ ಕೊನೆಯಲ್ಲಿ ಮೆಂಫಿಸ್‌ನ ಬೀಲ್ ಸ್ಟ್ರೀಟಿನಲ್ಲಿ ಮೆರವಣಿಗೆ ಮಾಡಿ, ಅಲ್ಲಿಂದ ಶವವನ್ನು ಇಂಡಿಯನೋಲಕ್ಕೆ ತಂದರು. ಊರವರು ಕಪ್ಪು ಬಿಳಿ ಎನ್ನದೆ ರಸ್ತೆಯ ಇಕ್ಕೆಲದಲ್ಲಿ ನಿಂತಿದ್ದರು. ಹತ್ತಿ ಜಿನ್ನಿನ ಆವರಣದಲ್ಲೇ ಹೂಳಲಾಯಿತು.